ಕಮಾನಿನ ಕೂದಲಿಗೆ ಹಚ್ಚಿದ ಎಣ್ಣೆ

ನಾನು ಬಹಳ ವರ್ಷ ಬಾಗಿಲಿಗೆ ಪಾಲಿಶ್ ಹೊಡೆದವನು. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಎಷ್ಟೋ ಮನೆಗಳ ಕಪಾಟು, ಮಂಚ, ಮುಂಬಾಗಿಲು ನನ್ನ ಕೈಯಲ್ಲಿ ಹೊಳೆದಿವೆ. ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿಗೆ ಕಟ್ಟಿ, ಎರಡನೇ ಸಲಕ್ಕೆ ಪಾಸಾಗಿ, ಅಂಕೋಲೆಯ ಒಂದು ಕಚೇರಿಯಲ್ಲಿ ಜವಾನನಾದೆ. ಆದರೆ ಕೈ ಹಳೆಯ ಅಭ್ಯಾಸ ಬಿಡಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯ ಹಿಡಿಯ ಮೇಲೆ ಬೆರಳು ಓಡಿಸುತ್ತೇನೆ. ಪಾಲಿಶ್ ಮಾಡಿದವನು ಮರವನ್ನು ಸರಿಯಾಗಿ ತಿಕ್ಕಿದ್ದಾನೋ, ಇಲ್ಲ ಅವಸರದಲ್ಲಿ ಮೇಲೆ ಬಳಿದು ಹೋಗಿದ್ದಾನೋ ಎಂದು ಗೊತ್ತಾಗುತ್ತದೆ.

ಹಾಗಾಗಿ ಮುಂದೆ ನಮ್ಮ ಮನೆಗೆ ಬಂದ ವಾಯಲಿನ್ನನ್ನು ಮೊದಲ ಸಲ ಕಂಡಾಗ ನಾನು ನೋಡಿದ್ದು ಅದರ ವಾರ್ನಿಶನ್ನು. ಹಾಲು ಹಾಕದ ಚಹಾದ ಬಣ್ಣ. ಗದ್ದ ತಾಗುವ ಕಡೆ ಮಂಕಾಗಿತ್ತು. ಕೈ ಊರುವ ಕಡೆ ಸವೆದು ಒಳಗಿನ ಹಳದಿ ಮರ ಕಾಣುತ್ತಿತ್ತು. ತಂತಿಗಳ ಕೆಳಗೆ ಬಿಳಿ ಪುಡಿ ಬಿದ್ದಿತ್ತು. ಎರಡು ದಿನ ಕೊಟ್ಟರೆ ಇದನ್ನು ಕನ್ನಡಿ ಮಾಡಿ ಕೊಡುತ್ತೇನೆ ಎಂದುಕೊಂಡೆ. ನನಗೆ ಅದರ ಸಂಗೀತ ಗೊತ್ತಿರಲಿಲ್ಲ.

ಸಂಗೀತ ಗೊತ್ತಿದ್ದದ್ದು ನನ್ನ ಹೆಂಡತಿಗೆ. ಅಗಸೂರಿನ ನಮ್ಮ ಕೇರಿಯಲ್ಲಿ ಭಜನೆ ಎಂದರೆ ಹೆಂಗಸರ ಕಡೆಯಿಂದ ಅವಳೇ ಎತ್ತಿಕೊಳ್ಳಬೇಕು. ಮಳೆ ಹೊಡೆಯುವಾಗಲೂ ಅವಳ ದನಿ ಮೂರನೇ ಮನೆಗೆ ಕೇಳುತ್ತಿತ್ತು. ಆಮೇಲೆ ಗಂಟಲಲ್ಲಿ ಗಂಟು ಬಂತು. ಆಪರೇಶನ್ ಮಾಡಲೇಬೇಕು ಎಂದರು. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಜೀವಕ್ಕೆ ತೊಂದರೆ ಇಲ್ಲ, ದನಿಯ ಮಾತು ಹೇಳಲಾರೆ ಎಂದು ಡಾಕ್ಟರು ಮೊದಲೇ ಕೂರಿಸಿಕೊಂಡು ಹೇಳಿದ್ದರು. ಅವರು ಹೇಳಿದ ಹಾಗೇ ಆಯಿತು. ಜೀವ ಉಳಿಯಿತು. ದನಿ ಮಾತ್ರ ಬರೀ ಗಾಳಿಯಾಯಿತು. ಪಕ್ಕದಲ್ಲಿ ಕೂತವರಿಗೆ ಕೇಳುತ್ತದೆ, ಬಾಗಿಲಲ್ಲಿ ನಿಂತವರಿಗೆ ಇಲ್ಲ. ಈಗಲೂ ಅವಳು ಬಸ್ಸು ನಿಲ್ಲಿಸಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ.

ಆಗ ನನ್ನ ಅವ್ವ ದಿನಾ ಸಂಜೆ ತೆಂಗಿನೆಣ್ಣೆ ಬೆಚ್ಚಗೆ ಮಾಡಿ, ಹೊಲಿಗೆಯ ಗೆರೆಯನ್ನು ಬಿಟ್ಟು, ಅವಳ ಗಂಟಲಿನ ಸುತ್ತ ಹಚ್ಚುತ್ತಿದ್ದಳು. ಎಷ್ಟೋ ತಿಂಗಳು ಹಚ್ಚಿದಳು. ಬೆಳಂಬಾರದ ತವರಿನಲ್ಲಿ ಅವ್ವ ಕಂಡ ಎಲ್ಲ ಔಷಧಿಯೂ ಎಣ್ಣೆಯೇ. ದನಿ ಬರಲಿಲ್ಲ. ಹೆಂಡತಿ ಕೆಲವು ದಿನ ಭಜನೆಗೆ ಹೋಗಿ ತಾಳ ಹಾಕಿದಳು. ಆಮೇಲೆ ಅದನ್ನೂ ಬಿಟ್ಟಳು. ಹೋಗು ಎಂದರೆ, "ತಾಳ ಹಾಕ್ತಾ ಬಾಯಿ ತನ್ನಷ್ಟಕ್ಕೇ ತೆರೀತದೆ. ಏನೂ ಬರೂದಿಲ್ಲ. ಎದ್ರಿಗೆ ಕೂತವ್ರು ಕಣ್ಣು ಕೆಳಗೆ ಹಾಕ್ತಾರೆ," ಎಂದಳು.

ಒಂದು ದಿನ ತಪಾಸಣೆಗೆಂದು ಕಾರವಾರಕ್ಕೆ ಹೋದವಳು ದವಾಖಾನೆಯ ಪಕ್ಕದ ಓಣಿಯಲ್ಲಿ ವಾಯಲಿನ್ ಕೇಳಿದಳು. ಆ ಮನೆಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೇ ಇದ್ದಳಂತೆ. ಕೊನೆಗೆ ನುಡಿಸುತ್ತಿದ್ದ ಯಜಮಾನರೇ ಹೊರಗೆ ಬಂದರು. ಅವರು ಹಡಗಿನ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ, ಮದುವೆಗೆ ವಾಯಲಿನ್ ನುಡಿಸುವವರು. ಯಾರು ಬೇಕು ಎಂದು ಕೇಳಿದ್ದಕ್ಕೆ ಇವಳು ಪಿಸುಗುಟ್ಟಿದಳು. ಏನೋ ಗುಟ್ಟು ಹೇಳಲು ಬಂದವಳೆಂದು ಅವರು ಬಗ್ಗಿ ಕಿವಿ ಕೊಟ್ಟರು.

"ಅದು ಹಾಡ್ತದೆ," ಎಂದಳಂತೆ ಇವಳು. "ನಂಗೆ ಕಲೀಬೇಕು."

ಹೀಗೆ ಅವರು ಅವಳ ಮಾಸ್ತರಾದರು. ಭಾನುವಾರ ಅವರ ಪೂಜೆ ಮುಗಿದ ಮೇಲೆ ಇವಳ ಪಾಠ. ತಮ್ಮಲ್ಲಿದ್ದ ಎರಡನೇ ವಾಯಲಿನ್ನನ್ನು ಇವಳಿಗೆ ಕೊಟ್ಟರು. ಆದರೆ ಮೊದಲ ದಿನ ಕೈಗೆ ಕೊಟ್ಟಿದ್ದು ವಾಯಲಿನ್ ಅಲ್ಲ, ಒಂದು ಹಳೇ ಬನಿಯನ್ನಿನ ತುಂಡು. ನುಡಿಸಿದ ಮೇಲೆ ಮೊದಲು ತಂತಿ ಒರೆಸಬೇಕು, ಆಮೇಲೆ ಮೈ, ಆಮೇಲೆ ಕಮಾನಿನ ಕೋಲು. ಒಣಬಟ್ಟೆ ಮಾತ್ರ. ಕಮಾನಿನ ಕೂದಲಿಗೆ ಕೈ ತಾಗಿಸುವಂತಿಲ್ಲ. ಅಂದು ನಾನೂ ಜೊತೆಗೆ ಹೋಗಿದ್ದೆ. ತಡೆಯಲಾರದೆ ಕೇಳಿದೆ:

"ಮಾಸ್ತರೇ, ನಾ ಪಾಲಿಶ್ ಕೆಲಸದವ. ಒಂದು ಕೋಟು ಹಾಕಿ ಕೊಡ್ಲಾ?"

"ಎಂತದ್ರಲ್ಲಿ?"

"ಅರಗು, ಸ್ಪಿರಿಟ್."

ಅವರು ವಾಯಲಿನ್ನನ್ನು ಎತ್ತಿ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು. "ಅರೆ ಬಾಬಾ, ಸ್ಪಿರಿಟ್ ಬಿದ್ರೆ ಇದರ ವಾರ್ನಿಶ್ ಕರಗಿ ಇಳೀತದೆ. ಇದು ಬಾಗಿಲಲ್ಲ. ಇದಕ್ಕೆ ನಡುಗೂಕೆ ಜಾಗ ಬೇಕು. ನೀನು ದಪ್ಪಕೆ ಬಳದ್ರೆ ಗೋಣಿ ಹೊದ್ಕಂಡು ಹಾಡಿದ ಹಂಗೆ ಆಗ್ತದೆ."

ಹೆಂಡತಿ ಎರಡು ವರ್ಷ ಕಲಿತಳು. ಅಂಗನವಾಡಿಯಲ್ಲಿ ಅಡುಗೆಯ ಸಹಾಯಕಿ ಕೆಲಸ ಮುಗಿಸಿ ಬಂದು, ಗಂಜಿ ಕುಡಿದು, ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಗದ್ದ ಊರಿದರೆ ಆಪರೇಶನ್ನಿನ ಗೆರೆ ನೋಯುತ್ತಿತ್ತು. ಬಟ್ಟೆ ಮಡಚಿ ಇಟ್ಟುಕೊಂಡಳು. ಮೊದಲ ಆರು ತಿಂಗಳು ನಮಗೆ ಕಷ್ಟವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಅವ್ವ ಆ ಹೊತ್ತಿಗೆ ಸರಿಯಾಗಿ ನೆರೆಮನೆಗೆ ಹೋಗುತ್ತಿದ್ದಳು. ಆಮೇಲೆ ಒಂದು ಸಂಜೆ ಅವ್ವ ಹೋಗಲಿಲ್ಲ. ಹೊರಗೆ ಗೋಡೆಗೆ ಒರಗಿಕೊಂಡು ಕೂತಿದ್ದಳು. ಒಳಗೆ ಇವಳು ತಾನು ಮೊದಲು ಹಾಡುತ್ತಿದ್ದ ಅಭಂಗವನ್ನು ನುಡಿಸುತ್ತಿದ್ದಳು. ಅವ್ವ ನನ್ನನ್ನು ಕರೆದು, "ಅದೇ ಅಲ್ವಾ? ಅವ್ಳದ್ದೇ ಗಂಟಲು," ಎಂದಳು.

ಆ ವರ್ಷ ಶ್ರಾವಣಕ್ಕೆ ಮೊದಲು ಹೆಂಡತಿ ಭಜನಾ ಮಂಡಳಿಗೆ ಹೋಗಿ ಕೇಳಿದಳು. ನಾನು ಜೊತೆಗಿದ್ದೆ, ಆದರೆ ಕೇಳಿದ್ದು ಅವಳೇ. ಹಾರ್ಮೋನಿಯಂ ಪೇಟಿ ಬಾರಿಸುವವನೇ ಮಂಡಳಿಗೆ ಹಿರಿಯ. ದೂರದ ಸಂಬಂಧದಲ್ಲಿ ನನಗೆ ಅಣ್ಣನಾಗಬೇಕು. ಬಾಯಿ ಒರಟು.

"ಪೇಟಿ ಅದೆ, ತಬಲ ಅದೆ, ತಾಳ ಅದೆ. ಪಿಟೀಲು ಕುಯ್ಯೂದೊಂದು ಬಾಕಿ ಇತ್ತಾ?" ಎಂದ.

ಕೂತವರೆಲ್ಲ ನಕ್ಕರು. ಅವಳು ನಗು ನಿಲ್ಲುವವರೆಗೆ ಕಾದಳು. ಅವಳ ಮಾತು ನಗುವಿನ ಮಧ್ಯೆ ಕೇಳುವುದಿಲ್ಲ.

"ಒಂದ್ ಸಲ ಕೂರ್ತೆ, ಭಾವಾ. ಸರಿ ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೆ."

ಅವನು ಪೇಟಿಯ ಮುಚ್ಚಳ ಹಾಕಿ ಚಿಲಕ ಬಿಗಿದ. "ಸಪ್ತಾಹದಲ್ಲಿ ಶನಿವಾರ ಸಂಜೆ ನಮ್ಮ ಪಾಳಿ. ಅವತ್ತು ಕೂರು. ಕೂಡ್ತು ಅಂದ್ರೆ ಕೂಡ್ತು. ಇಲ್ಲ ಅಂದ್ರೆ ಮತ್ತೆ ಈ ಮಾತು ತೆಗೀಬಾರ್ದು. ನೀನೂ ತೆಗೀಬಾರ್ದು, ನಿನ್ನ ಗಂಡನೂ ತೆಗೀಬಾರ್ದು."

ಸಪ್ತಾಹ ಎಂದರೆ ಏಳು ದಿನ ದೇವಸ್ಥಾನದಲ್ಲಿ ಭಜನೆ ನಿಲ್ಲುವಂತಿಲ್ಲ. ಒಂದೊಂದು ಕೇರಿಯ ಮಂಡಳಿಗೆ ಒಂದೊಂದು ಪಾಳಿ. ಒಬ್ಬರು ಏಳುವಾಗ ಇನ್ನೊಬ್ಬರು ತಾಳ ಹಿಡಿದು ಕೂತಾಗಿರಬೇಕು. ಊರೆಲ್ಲ ಬಂದು ಕೇಳುತ್ತದೆ. ಅಲ್ಲಿ ಒಮ್ಮೆ ನಗೆಗೀಡಾದರೆ ಮುಗಿಯಿತು. ಅದು ಅವಳಿಗೂ ಗೊತ್ತಿತ್ತು.

ಸಪ್ತಾಹದ ವಾರ ಬಂತು. ಮಳೆ ಬಿಟ್ಟಿರಲಿಲ್ಲ. ಶ್ರಾವಣದಲ್ಲಿ ನಮ್ಮ ಕಡೆ ಎಲ್ಲದಕ್ಕೂ ಬೂಸು ಹಿಡಿಯುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಹಪ್ಪಳದ ಡಬ್ಬಿಗೆ, ಗೋಡೆಗೆ ನೇತು ಹಾಕಿದ ಫೋಟೋದ ಹಿಂದೆ. ಅವ್ವನ ಮಳೆಗಾಲದ ಅರ್ಧ ಕೆಲಸ ಬೂಸು ಒರೆಸುವುದೇ. ಮಣೆ, ಲಟ್ಟಣಿಗೆ, ದೇವರ ಪೀಠ ಎಲ್ಲವನ್ನೂ ಒರೆಸಿ ತೆಂಗಿನೆಣ್ಣೆ ಸವರುತ್ತಾಳೆ. ಎಣ್ಣೆ ಕುಡಿದ ಮರಕ್ಕೆ ಬೂಸು ಹಿಡಿಯುವುದಿಲ್ಲ, ಮರ ಸೀಳುವುದೂ ಇಲ್ಲ.

ಗುರುವಾರ ನಾನು ಕಚೇರಿಯಲ್ಲಿದ್ದೆ, ಹೆಂಡತಿ ಅಂಗನವಾಡಿಯಲ್ಲಿ. ವಾಯಲಿನ್ನಿನ ಪೆಟ್ಟಿಗೆಯಲ್ಲಿ ಥಂಡಿ ಕೂರಬಾರದೆಂದು ಅವಳು ಮುಚ್ಚಳ ತೆರೆದು ಮಂಚದ ಮೇಲೆ ಇಟ್ಟು ಹೋಗಿದ್ದಳು. ಬೆಳಿಗ್ಗೆ ನುಡಿಸಿದ ಮೇಲೆ ಒರೆಸಲು ಹೊತ್ತು ಸಾಲಲಿಲ್ಲವಂತೆ. ತಂತಿಗಳ ಕೆಳಗೆ ಬಿಳಿ ಪುಡಿ ಹಾಗೇ ಇತ್ತು.

ಸಂಜೆ ನಾನು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಮುಖ ಅರಳಿತ್ತು.

"ಬಾ ಇಲ್ಲಿ. ನೋಡು ಒಂದ್ ಸಲ. ಪಾಲಿಶ್ ನಿಂಗೊಬ್ನಿಗೇ ಬತ್ತದ್ಯಾ?"

ನೋಡಿದೆ. ವಾಯಲಿನ್ ಹೊಳೆಯುತ್ತಿತ್ತು. ಹೊಸ ಬಾಗಿಲಿನ ಹಾಗೆ, ಕಿಟಕಿಯ ಸರಳು ಅದರ ಮೈಯಲ್ಲಿ ಕಾಣುವ ಹಾಗೆ ಹೊಳೆಯುತ್ತಿತ್ತು. ಹೊಳಪು ನೋಡಿದರೆ ಹಿಗ್ಗುವ ಕಣ್ಣು ನನ್ನದು. ಒಂದು ಗಳಿಗೆ ನನಗೂ ಖುಷಿಯೇ ಆಯಿತು. ಆಮೇಲೆ ವಾಸನೆ ಬಂತು.

"ಅವ್ವಾ, ಎಂತ ಹಚ್ದೆ?"

"ಎಣ್ಣೆ. ಬೆಚ್ಚಗೆ ಮಾಡಿಯೇ ಹಚ್ದೆ. ಬೂಸು ಹಿಡ್ದಿತ್ತಲಾ ಅಷ್ಟು. ಶನಿವಾರ ಜನರ ಮುಂದೆ ಹಿಡ್ಕಂಡು ಕೂರೂದು, ಬೂಸು ಹಿಡ್ದದ್ದು ತಕಂಡು ಹೋಗ್ಲಾ ಅವ್ಳು? ಆ ಕೋಲಿನ ಕೂದ್ಲಂತೂ ಒಣಗಿ ಕಡ್ಡಿ ಆಗಿತ್ತು. ಅದಕ್ಕೂ ಹಚ್ದೆ."

ಅಷ್ಟರಲ್ಲಿ ಹೆಂಡತಿ ಬಂದಳು. ಛತ್ರಿ ಮಡಚುತ್ತ ಒಳಗೆ ನೋಡಿದಳು. ಒದ್ದೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಮಾನು ಎತ್ತಿ ತಂತಿಯ ಮೇಲೆ ಇಟ್ಟು ಎಳೆದಳು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ ಕಮಾನು ಜಾರಿತು. ಇನ್ನೊಮ್ಮೆ ಎಳೆದಳು. ಹಾಡು ಬರಲಿಲ್ಲ, ಕಿರುಚಲೂ ಇಲ್ಲ. ಬರೀ ಗಾಳಿ ಬಂತು. ಅವಳ ಗಂಟಲಿನಿಂದ ಬರುತ್ತದಲ್ಲ, ಅದೇ ಶಬ್ದ.

ಅವ್ವನಿಗೆ ಅರ್ಥವಾಯಿತು.

"ನಿನ್ನ ಗಂಟಲಿಗೆ ಹಚ್ಚಿದ ಹಂಗೇ ಹಚ್ದೆ ಮಗಾ," ಎಂದಳು.

ಹೆಂಡತಿ ವಾಯಲಿನ್ನನ್ನು ಪೆಟ್ಟಿಗೆಗೆ ಹಾಕಲಿಲ್ಲ. ಪೆಟ್ಟಿಗೆಯ ಮಖಮಲ್ಲಿಗೆ ಎಣ್ಣೆ ಹಿಡಿದೀತು ಎಂದು ನನ್ನ ಹಳೇ ಲುಂಗಿಯಲ್ಲಿ ಸುತ್ತಿಟ್ಟಳು. ಅತ್ತೆಗೆ ಬೈಯಲಿಲ್ಲ. ರೊಟ್ಟಿ ತಟ್ಟುವಾಗ ಎಂದಿಗಿಂತ ಜೋರಾಗಿ ತಟ್ಟಿದಳು, ಅಷ್ಟೇ. ದನಿ ಇಲ್ಲದವರ ಸಿಟ್ಟು ಪಾತ್ರೆಯಲ್ಲಿ ಕೇಳುತ್ತದೆ. ಊಟಕ್ಕೆ ಕೂತಾಗ ನಾನು, "ನಾಳೆ ರಜೆ ಹಾಕ್ತೆ. ಕಾರವಾರಕ್ಕೆ ಹೋಗ್ವ," ಎಂದೆ.

ಅವ್ವ ತಟ್ಟೆಯಿಂದ ತಲೆ ಎತ್ತದೆ, "ನಾನೂ ಬತ್ತೆ," ಎಂದಳು.

"ನೀ ಯಂತಕ್ಕೆ ಅವ್ವಾ? ಮಳೆ."

"ಮಾಸ್ತರು ಬೈತಾರಲಾ. ಅವ್ಳು ಯಂತಕ್ಕೆ ಬೈಸ್ಕಣ್ಬೇಕು? ನಾನೇ ಬೈಸ್ಕಂತೆ."

ಬಸ್ಸಿನಲ್ಲಿ ಅವ್ವ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಯಾರಿಗೂ ಕೊಡಲಿಲ್ಲ. ಲುಂಗಿ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಅವ್ವನ ಎರಡು ಕೈ. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಅಜ್ಜಿ, ಅದ್ರಲ್ಲಿ ಎಂತ, ಮೀನಾ?" ಎಂದ.

"ಮೀನಾಗಿದ್ರೆ ನನ್ನ ಮುಖ ಹಿಂಗಿರ್ತಿತ್ತಾ?" ಎಂದಳು ಅವ್ವ.

ಮುಂದಿನ ಸೀಟಿನಲ್ಲಿದ್ದ ಹೆಂಡತಿಯ ಭುಜ ಅಲುಗಿತು. ಹಿಂದಿನ ಸಂಜೆಯಿಂದ ಅವಳು ನಕ್ಕಿದ್ದು ಆಗಲೇ.

ಮಾಸ್ತರು ಲುಂಗಿ ಬಿಚ್ಚುವ ಮೊದಲೇ ಮೂಗು ಮುಚ್ಚಿಕೊಂಡರು. "ಇದಕ್ಕೆ ಒಗ್ಗರಣೆ ಹಾಕಿದ್ದು ಯಾರು?"

"ನಾನು," ಎಂದು ಅವ್ವ ಮುಂದೆ ಬಂದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಶಾಲೆಯ ಹುಡುಗಿ ನಿಂತ ಹಾಗೆ ನಿಂತಿದ್ದಳು. ಮಾಸ್ತರಿಗೆ ಬೈಯಲು ಆಗಲಿಲ್ಲ. ಒಂದು ಕುರ್ಚಿ ಎಳೆದು ಕೊಟ್ಟರು. ಆಮೇಲೆ ತಮ್ಮ ಪೆಟ್ಟಿಗೆಯಿಂದ ಜೇನಿನ ಬಣ್ಣದ ರಾಳದ ತುಂಡು ತೆಗೆದು ಅವ್ವನ ಅಂಗೈ ಮೇಲೆ ಇಟ್ಟರು.

"ಬಾಯಿ, ಇದನ್ನು ಕೂದ್ಲಿಗೆ ತಿಕ್ಕೂದು. ಆಗ ಕೂದ್ಲು ತಂತೀನ ಕಚ್ಚಿ ಹಿಡೀತದೆ. ಕಚ್ಚಿದ್ರೇ ಹಾಡು. ನೀವು ಕಂಡದ್ದು ಇದರ ಪುಡಿ. ಬೂಸಲ್ಲ."

ಅವ್ವ ಅದನ್ನು ಮೂಸಿ ನೋಡಿದಳು. "ಈ ಕೂದ್ಲು ಕುದುರೆ ಬಾಲದ್ದು ಅಂದಿದ್ದ ನನ್ನ ಮಗ. ಬಾಲಕ್ಕೆ ಎಣ್ಣೆ ಹಚ್ಚಬಾರ್ದು ಅಂತ ಯಾರೂ ಹೇಳ್ಲಿಲ್ಲಲ್ರಾ."

ಮಾಸ್ತರು ನಕ್ಕರು. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಕಮಾನಿಗೆ ಹೊಸ ಕೂದಲು ಕಟ್ಟಿಸಬೇಕಾದರೆ ಗೋವಾಕ್ಕೆ ಕಳಿಸಬೇಕು. ಅದು ಬರುವಷ್ಟರಲ್ಲಿ ಶ್ರಾವಣವೇ ಮುಗಿಯುತ್ತದೆ. ತಮ್ಮ ಕಮಾನನ್ನೇ ಕೊಡುತ್ತಿದ್ದರು, ಆದರೆ ಶನಿವಾರ ಸಂಜೆ ಇಗರ್ಜಿಯಲ್ಲಿ ಮದುವೆ, ಅವರು ನುಡಿಸಬೇಕು.

"ಇರೋದನ್ನೇ ತೊಳೆದು ನೋಡ್ವ," ಎಂದರು. ನನ್ನ ಕಡೆ ತಿರುಗಿ, "ಮೊದಲು ಮೈ. ನೀ ಪಾಲಿಶಿನವ ಅಲ್ವಾ? ಕೂರು. ನಾ ಹೇಳಿದಷ್ಟೇ ಮಾಡೂದು," ಎಂದರು.

ಮೇಜಿನ ಮೇಲೆ ಟವೆಲ್ ಹಾಸಿ ವಾಯಲಿನ್ ಮಲಗಿಸಿದರು. ಮೊದಲು ಒಣಬಟ್ಟೆ. ತಿಕ್ಕುವುದಲ್ಲ, ಒತ್ತುವುದು. ಎಣ್ಣೆ ಬಟ್ಟೆಗೆ ಏರಬೇಕು. ಬಾಗಿಲ ಕೆಲಸದಲ್ಲಿ ನನ್ನ ತೋಳಿಗೆ ಒಂದೇ ಅಭ್ಯಾಸ, ಒತ್ತಿ ಉದ್ದಕ್ಕೆ ಎಳೆಯುವುದು. ಇಲ್ಲಿ ತೋಳಿಗೆ ಕೆಲಸವೇ ಇಲ್ಲ, ಬೆರಳ ತುದಿಗೆ ಮಾತ್ರ. ತಂತಿಗಳ ಕೆಳಗೆ, ಅವನ್ನು ಎತ್ತಿ ಹಿಡಿಯುವ ಕುದುರೆ ಎಂಬ ಮರದ ತುಂಡಿನ ಸುತ್ತ ಬಟ್ಟೆಯ ಸಣ್ಣ ಪಟ್ಟಿ ತೂರಿಸಿ ಮೆಲ್ಲಗೆ ಎಳೆದೆ. ಎದೆಯ ಮೇಲಿನ ಎರಡು ಬಾಗಿದ ತೂತುಗಳ ಅಂಚಿನಲ್ಲಿ ಎಣ್ಣೆ ನಿಂತಿತ್ತು. ಅದು ಒಳಗೆ ಇಳಿದರೆ ಬರಿ ಮರ ಕುಡಿದುಬಿಡುತ್ತದೆ, ಮತ್ತೆ ತೆಗೆಯಲಾಗದು. ಹತ್ತಿ ಸುತ್ತಿದ ಕಡ್ಡಿಯಿಂದ ಅದನ್ನು ತೆಗೆದೆ. ಆಮೇಲೆ ಸಾಬೂನು ನೀರಲ್ಲಿ ಅದ್ದಿ, ಹನಿ ಇಲ್ಲದ ಹಾಗೆ ಹಿಂಡಿದ ಬಟ್ಟೆ. ಅಂಗೈ ಅಗಲ ಒರೆಸುವುದು, ತಕ್ಷಣ ಒಣಬಟ್ಟೆ, ಆಮೇಲೆ ಮುಂದಿನ ಅಂಗೈ ಅಗಲ.

ಕೊನೆಗೆ ತಂತಿ. ತಂತಿಯ ಎಣ್ಣೆಗೆ ಸ್ಪಿರಿಟ್ಟೇ ಬೇಕು ಎಂದು ಮಾಸ್ತರು ಸೀಸೆ ತಂದಾಗ ನನ್ನ ಕೈ ಹಿಂದೆ ಹೋಯಿತು. ಸ್ಪಿರಿಟ್ಟನ್ನು ನಾನು ನೀರಿನ ಹಾಗೆ ಚೆಲ್ಲಿದವನು. ಅಂದು ಒಂದು ಹನಿಗೆ ಹೆದರಿದೆ. ಮೈ ಪೂರ್ತಿ ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಬಟ್ಟೆಯ ಮೂಲೆಗೆ ಮಾತ್ರ ತಾಗಿಸಿ, ಒಂದೊಂದೇ ತಂತಿಯನ್ನು ಎರಡು ಬೆರಳ ನಡುವೆ ಹಿಡಿದು ಒರೆಸಿದೆ.

"ಉಸಿರಾದ್ರೂ ಬಿಡಾ," ಎಂದಳು ಅವ್ವ ಕುರ್ಚಿಯಿಂದ.

ಕೆಲಸ ಮುಗಿದಾಗ ಹೊಳಪು ಹೋಗಿತ್ತು. ಮೊದಲಿನ ಮಂಕು, ಮೊದಲಿನ ಸವೆದ ಹಳದಿ ಎಲ್ಲ ಮರಳಿ ಬಂದಿದ್ದವು. ಇಷ್ಟು ವರ್ಷ ನಾನು ಹೊಳಪು ಏರಿಸಿ ಕೂಲಿ ಪಡೆದವನು. ಹೊಳಪು ಇಳಿಸಿ ಸಮಾಧಾನಪಟ್ಟಿದ್ದು ಅದೇ ಮೊದಲು. ಮಾಸ್ತರು ಬೆರಳಿಂದ ತಂತಿ ಮೀಟಿದರು. ಸ್ವರ ಕೋಣೆಯ ಮೂಲೆಗೆ ಹೋಗಿ ಬಂತು. "ಮೈ ಬದ್ಕಿತು," ಎಂದರು.

ಕಮಾನು ಬದುಕಿರಲಿಲ್ಲ. ಅವರು ಅದರ ತಿರುಪು ಬಿಚ್ಚಿ, ಹಿಡಿಯ ಬಳಿಯ ಕರಿಮರದ ತುಂಡನ್ನು ಕೋಲಿನಿಂದ ಬಿಡಿಸಿದರು. ಕೂದಲು ನರೆತ ಜಡೆಯ ಹಾಗೆ ಜೋತು ಬಿತ್ತು. ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದರು. ಎಣ್ಣೆಯೂ ಹಳೇ ರಾಳವೂ ಕಲಸಿ ಮುದ್ದೆಯಾಗಿ ಕೂದಲು ಅಂಟಿಕೊಂಡಿತೇ ಹೊರತು ಎಣ್ಣೆ ಬಿಡಲಿಲ್ಲ. ಎರಡು ಸಲ ಮಾಡಿ ಕೈ ಬಿಟ್ಟರು. ಸ್ವಲ್ಪ ಹೊತ್ತು ಕಮಾನನ್ನು ನೋಡಿ, ಆಮೇಲೆ ಅವ್ವನನ್ನು ನೋಡಿದರು.

"ಬಾಯಿ, ನೀವು ತಲೆಗೆ ಎಣ್ಣೆ ಹಚ್ಚಿ ಮಿಂದಾಗ ಎಣ್ಣೆ ಹೆಂಗೆ ಬಿಡಿಸ್ತ್ರಿ?"

"ಅಂಟವಾಳಕಾಯಿ," ಎಂದಳು ಅವ್ವ. ಇಷ್ಟು ಸುಲಭದ್ದನ್ನು ಯಾರಾದರೂ ಕೇಳುತ್ತಾರಾ ಎಂಬ ಹಾಗೆ. "ಶಾಂಪೂದಲ್ಲೆಲ್ಲ ಹೋಗೂದಲ್ಲ ಅದು."

"ಹಂಗಾರೆ ಮನೆಗೆ ಹೋಗಿ ಇದ್ರ ತಲೆ ಮೀಸಿ."

ಹೇಗೆಂದು ಹೇಳಿಕೊಟ್ಟರು. ಕರಿಮರದ ತುಂಡಿನೊಳಗೆ ಕೂದಲನ್ನು ದಾರ ಸುತ್ತಿ ಕೂರಿಸಿರುತ್ತಾರೆ. ಅದು ನೆನೆದರೆ ಕೂದಲೆಲ್ಲ ಕಿತ್ತು ಬರುತ್ತದೆ. ಹಾಗಾಗಿ ಆ ಕಡೆ ನೀರು ಹೋಗಬಾರದು. ಕೋಲಿಗೂ ತಾಗಬಾರದು. ಮಾಸ್ತರು ಕೋಲಿಗೆ ಪ್ಲಾಸ್ಟಿಕ್ಕು ಸುತ್ತಿ ದಾರ ಕಟ್ಟಿ ಕೊಟ್ಟರು.

ಮನೆಗೆ ಬಂದು ಅವ್ವ ಸೆರಗು ಸಿಕ್ಕಿಸಿದಳು. ಅಂಟವಾಳದ ಕಾಯಿ ಒಡೆದು, ಬಿಸಿನೀರಲ್ಲಿ ನೆನೆಸಿ, ಕಿವುಚಿ ನೊರೆ ತೆಗೆದಳು. ಹೆಂಡತಿ ಕೋಲನ್ನೂ ಕರಿಮರದ ತುಂಡನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದಳು. ಅವ್ವ ತಟ್ಟೆಯಲ್ಲಿ ನೊರೆ ಹಿಡಿದು ಕೂದಲನ್ನು ಬೆರಳಲ್ಲಿ ಜಾರಿಸಿ ಜಾರಿಸಿ ತೊಳೆದಳು. ನನಗೆ ನೀರು ಬದಲಿಸುವ ಕೆಲಸ.

"ಇನ್ನೂ ಮೇಲೆ ತೊಳೀಲಾ?"

"ಬ್ಯಾಡ ಅತ್ತೆ. ಅಲ್ಲಿ ದಾರ ಅದೆ."

"ಅಲ್ಲೂ ಎಣ್ಣೆ ಅದೆ ಮಗಾ. ನಾನೇ ಹಚ್ಚಿದ್ದಲಾ."

"ಇರ್ಲಿ. ಅಷ್ಟು ಇರ್ಲಿ."

ತೊಳೆದದ್ದಾಯಿತು, ಒಣಗಬೇಕಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಒಂದು ಲಂಗೋಟಿ ಒಣಗಬೇಕಾದರೂ ಒಲೆಯ ಮೇಲೆ ತೂಗಬೇಕು. ಅವ್ವ ಮಿಂದ ತಲೆಯನ್ನು ಧೂಪದ ಹೊಗೆಯಲ್ಲಿ ಒಣಗಿಸುವವಳು. ಕೆಂಡದ ಬೋಗುಣಿ ತಂದು, "ಧೂಪ ಹಾಕ್ಲಾ?" ಎಂದಳು. "ಬ್ಯಾಡ," ಎಂದೆವು ಇಬ್ಬರೂ ಒಟ್ಟಿಗೆ. ಮೂವರೂ ನಕ್ಕೆವು. ಕೂದಲು ಬಾಚಿ, ನೇರಕ್ಕೆ ಹಿಡಿದು, ಟೇಬಲ್ ಫ್ಯಾನಿನ ಎದುರು ಇಟ್ಟೆವು. ಕರೆಂಟು ಹೋಯಿತು. ಹೆಂಡತಿ ಮೊರ ತಂದು ಗಾಳಿ ಹಾಕಿದಳು. ಅವಳ ಕೈ ಸೋತಾಗ ಅವ್ವ, ಅವ್ವನ ಕೈ ಸೋತಾಗ ನಾನು.

ಶನಿವಾರ ಬೆಳಿಗ್ಗೆ ಕೂದಲು ಒಣಗಿ ಒಂದೊಂದೇ ಬಿಡಿಯಾಗಿತ್ತು. ತಿರುಪು ಹಾಕಿ ಬಿಗಿದು, ಅವಳು ರಾಳ ತಿಕ್ಕಲು ಕೂತಳು. ಬಹಳ ಹೊತ್ತು ತಿಕ್ಕಿದಳು. ಕಮಾನು ತಂತಿಯ ಮೇಲೆ ಇಟ್ಟಾಗ ನಾನು ಅಂಗಳಕ್ಕೆ ಹೋದೆ. ಮುಖ ನೋಡಲು ಧೈರ್ಯವಾಗಲಿಲ್ಲ.

ಮೊದಲು ಗಾಳಿ ಬಂತು. ಆಮೇಲೆ, ಗಾಳಿಯ ಮಧ್ಯದಿಂದಲೇ, ಸ್ವರ ಹೊರಟಿತು. ಮತ್ತೆ ಗಾಳಿ, ಮತ್ತೆ ಸ್ವರ. ಒಳಗೆ ಹೋಗಿ ನೋಡಿದರೆ ಅವಳು ಕಮಾನನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು.

"ಈ ಅರ್ಧ ಕಚ್ತದೆ," ಎಂದು ತುದಿಯ ಕಡೆ ತೋರಿಸಿದಳು. "ಹಿಡಿ ಹತ್ರ ಇರೂ ಅರ್ಧ ಜಾರ್ತದೆ."

"ಈಗ ಎಂತ ಮಾಡೂದು?"

"ಈ ಅರ್ಧದಲ್ಲೇ ಮಾಡೂದು."

ಉದ್ದ ಸ್ವರಕ್ಕೆ ಉದ್ದ ಕಮಾನು ಬೇಕು. ಅದು ಈಗ ಇಲ್ಲ. ಆ ಇಡೀ ದಿನ ಅವಳು ಒಂದೊಂದು ಸಾಲನ್ನೂ ಸಣ್ಣ ಸಣ್ಣ ತುಂಡಾಗಿ, ಕಮಾನನ್ನು ಬೇಗ ಬೇಗ ಹಿಂದೆ ಮುಂದೆ ಮಾಡಿ, ಸೇರಿದ್ದು ಗೊತ್ತಾಗದ ಹಾಗೆ ಕೂಡಿಸಲು ಒದ್ದಾಡಿದಳು.

ಸಂಜೆ ಅಂಕೋಲೆಯ ದೇವಸ್ಥಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಛತ್ರಿಗಳ ರಾಶಿ. ನಮ್ಮ ಮಂಡಳಿಯವರು ಹಿಂದಿನ ಪಾಳಿಯವರ ಪಕ್ಕದಲ್ಲಿ ಕೂತು ತಾಳ ಹಿಡಿದುಕೊಂಡರು. ಅವಳು ಗಂಡಸರ ಸಾಲಿನ ತುದಿಯಲ್ಲಿ ಕೂತಳು. ಗಂಟಲ ಗೆರೆಯ ಮೇಲೆ ಬಟ್ಟೆ ಮಡಚಿಟ್ಟು ವಾಯಲಿನ್ ಊರಿಕೊಂಡಳು. ಪೇಟಿಯವನು ಒಮ್ಮೆ ನೋಡಿ ಮುಖ ತಿರುಗಿಸಿದ. ಅವ್ವ ಹೆಂಗಸರ ಕಡೆ ಕಂಬಕ್ಕೆ ಒರಗಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಮೊದಲ ಅಭಂಗಕ್ಕೆ ಎತ್ತುವಾಗ ಅವಳು ಹೆದರಿದಳು. ಹಳೆಯ ಅಭ್ಯಾಸದಿಂದ ಕಮಾನನ್ನು ಹಿಡಿಯ ಕಡೆಯಿಂದ ಎಳೆದಳು. ಜಾರಿತು. ತಬಲದವನು ತುಟಿ ಕಚ್ಚಿ ನಗು ತಡೆದದ್ದು ನನಗೆ ಕಂಡಿತು. ಪೇಟಿಯವನು ಹಾಡುತ್ತಲೇ ಓರೆಗಣ್ಣಲ್ಲಿ ನೋಡಿದ. ಏಳುತ್ತಾಳೆ, ಈಗ ಎದ್ದು ಬರುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. ಎರಡು ಸಾಲು ಸುಮ್ಮನೆ ಕೂತಳು. ಮೂರನೇ ಸಾಲಿಗೆ ಕಮಾನಿನ ತುದಿಯನ್ನು ತಂತಿಯ ಮೇಲೆ ಇಟ್ಟಳು.

ಪೇಟಿಯವನ ಗಂಟಲು ವಾರವಿಡೀ ಹಾಡಿ ಒಡೆದಿತ್ತು. ಬೇರೆ ಮಂಡಳಿಗೂ ಕರೆದಲ್ಲೆಲ್ಲ ಹೋಗಿ ಕೂತಿದ್ದ. ಅಭಂಗ ಮೇಲಕ್ಕೆ ಏರುವ ಸಾಲಿನಲ್ಲಿ ಅವನ ದನಿ ತಡವರಿಸಿ ನಿಂತಿತು. ಸಾಲು ನಿಲ್ಲಲಿಲ್ಲ. ವಾಯಲಿನ್ ಅದನ್ನು ಎತ್ತಿಕೊಂಡಿತು. ಒಂದೇ ಉಸಿರಿನ ಉದ್ದ ಸ್ವರವಾಗಿರಲಿಲ್ಲ ಅದು. ಸಣ್ಣ ಸಣ್ಣ ಉಸಿರಲ್ಲಿ, ಹತ್ತಿ ಹತ್ತಿ, ಮೇಲೆ ಹೋಗಿ ನಿಂತಿತು. ಕೂತವರು ಕತ್ತು ಎತ್ತಿ ಯಾರೆಂದು ನೋಡಿದರು. ಹೆಂಗಸರ ಕಡೆಯಿಂದ ಯಾರೋ ಅವಳ ಜೊತೆಗೆ ಸಾಲು ಹಿಡಿದರು. ಮತ್ತೆ ಆ ಸಾಲು ಬಂದಾಗ ಪೇಟಿಯವನು ಹಾಡಲೇ ಇಲ್ಲ. ಪೇಟಿ ಮಾತ್ರ ಮೆಲ್ಲಗೆ ಒತ್ತುತ್ತ ಅವಳಿಗೆ ಬಿಟ್ಟುಕೊಟ್ಟ.

ಅಭಂಗ ಮುಗಿಯಿತು. ಮುಂದಿನದಕ್ಕೆ ಮೊದಲು ಪೇಟಿಯವನು ಮುಂದೆ ಬಗ್ಗಿದ. ನಮ್ಮ ಕಡೆ ಭಜನೆಯಲ್ಲಿ ಮುಂದಾಗಿ ಹಾಡು ಎತ್ತಿಕೊಳ್ಳುವವರನ್ನು ಮಾತ್ರ ಪೇಟಿಯವನು ಸ್ವರ ಕೇಳುತ್ತಾನೆ. ಉಳಿದವರೆಲ್ಲ ಅದಕ್ಕೆ ಕೂಡಿಕೊಳ್ಳಬೇಕು. ಅವನು ಬಗ್ಗಿದ್ದು ಗಂಡಸರ ಸಾಲಿನ ತುದಿಯ ಕಡೆಗೆ.

"ಯಾವ ಸ್ವರ ಬೇಕು ನಿಂಗೆ?"

ಅವಳು ಬಾಯಿ ತೆರೆದಳು, ಆ ಗದ್ದಲದಲ್ಲಿ ಕೇಳುವುದಿಲ್ಲವೆಂದು ಮುಚ್ಚಿ, ಒಂದು ಬೆರಳು ಎತ್ತಿ ತೋರಿಸಿದಳು. ಕಾಳಿ ಏಕ್. ಅವನು ಪೇಟಿಯ ಮೊದಲ ಕರಿ ಮನೆಯನ್ನು ಒತ್ತಿ ಹಿಡಿದ. ಅವಳು ಬಿರಡೆ ತಿರುಗಿಸಿ ತಂತಿಯನ್ನು ಅದಕ್ಕೆ ಕೂಡಿಸತೊಡಗಿದಳು. ಸಪ್ತಾಹದಲ್ಲಿ ಭಜನೆ ನಿಲ್ಲುವಂತಿಲ್ಲ. ಹಾಗಾಗಿ ಮಂಡಳಿಯವರೆಲ್ಲ ಮೆಲ್ಲಗೆ ತಾಳ ಹಾಕುತ್ತ, ಅವಳಿಗಾಗಿ ಕಾದರು.